ಪಾಡ್ಯಕ್ಕೆ ರಜೆ ಕೊಡುವವರು ಯಾರು? ಒಂದು ದಿನ ಸರ್ಕಾರಿ ಪಟ್ಟಿ ಸೇರುವ ಬಗೆ

2025ರ ದೀಪಾವಳಿಗೆ ಕೇರಳದಲ್ಲಿ ಸರ್ಕಾರಿ ರಜೆ ಇದ್ದದ್ದು ಅಕ್ಟೋಬರ್ 20ರ ಸೋಮವಾರ ಒಂದೇ ದಿನ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ 20ರ ನರಕ ಚತುರ್ದಶಿಗೂ ರಜೆ, 22ರ ಬಲಿಪಾಡ್ಯಮಿಗೂ ರಜೆ. ಗಡಿಯ ಈಚೆ, ಕೇರಳದ ಕಾಸರಗೋಡು ಜಿಲ್ಲೆಯ ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಕಡೆಯ ಕನ್ನಡ–ತುಳು ಮನೆಗಳಲ್ಲಿ ಹಬ್ಬದ ತಿರುಳು ಇರುವುದೇ ಅಮಾವಾಸ್ಯೆ ಮತ್ತು ಪಾಡ್ಯದಲ್ಲಿ. ಅಂಗಳದಲ್ಲಿ ಹಾಲೆಮರದ ಬಲೀಂದ್ರನನ್ನು ನೆಟ್ಟು ಹೂವಿನಿಂದ ಸಿಂಗರಿಸುವುದು, ಮುಸ್ಸಂಜೆಗೆ ದೀಪ ಹಚ್ಚಿ ಕೂ ಹಾಕಿ ಕರೆಯುವುದು, ಹಟ್ಟಿಯ ದನಗಳನ್ನು ಮೀಯಿಸಿ ಗೋಪೂಜೆ ಮಾಡುವುದು, ಎಲ್ಲವೂ ಆಗಲೇ. ಮಕ್ಕಳು ಶಾಲೆ ಬಿಟ್ಟು ಮನೆ ಮುಟ್ಟುವಷ್ಟರಲ್ಲಿ ಮರ ತಂದಾಗಿರುತ್ತದೆ, ಹೂ ಕೊಯ್ದಾಗಿರುತ್ತದೆ. ಅವರಿಗೆ ನೋಡುವುದಷ್ಟೇ ಉಳಿಯುತ್ತದೆ, ಕಲಿಯುವುದು ಉಳಿಯುವುದಿಲ್ಲ.

ಪಾಡ್ಯಕ್ಕೂ ರಜೆ ಬೇಕು ಎನ್ನುವವರು ಯಾರ ಬಾಗಿಲು ತಟ್ಟಬೇಕು? ದೆಹಲಿಯದ್ದೋ, ತಿರುವನಂತಪುರದ್ದೋ, ಕಾಸರಗೋಡಿನ ವಿದ್ಯಾನಗರದಲ್ಲಿರುವ ಜಿಲ್ಲಾಧಿಕಾರಿ ಕಚೇರಿಯದ್ದೋ? ಬಾಗಿಲು ತಪ್ಪಿದರೆ ಮನವಿ ವರ್ಷಗಟ್ಟಲೆ ಸುತ್ತಿ, ಕೊನೆಗೆ ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಬೇರೊಂದು ಮೇಜಿಗೆ ಹೋಗುತ್ತದೆ. ಬಾಗಿಲು ಸರಿಯಿದ್ದೂ ಆಚರಣೆಗೆ ದಾಖಲೆ ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತದೆ. ಜಗತ್ತಿನಲ್ಲಿ ಸಾಮಾನ್ಯ ಜನ ಹೋರಾಡಿ ಗಳಿಸಿದ ರಜೆಗಳನ್ನು ನೋಡಿದರೆ ಒಂದು ಕ್ರಮ ಕಾಣುತ್ತದೆ. ಜನ ಮೊದಲು ಆ ದಿನವನ್ನು ತಾವೇ ಆಚರಿಸಿ ನಿಲ್ಲಿಸಿದ್ದಾರೆ. ಸಣ್ಣ ಅಧಿಕಾರದಿಂದ ಅದಕ್ಕೆ ಮುದ್ರೆ ಹಾಕಿಸಿಕೊಂಡಿದ್ದಾರೆ. ದೊಡ್ಡ ಮುದ್ರೆ ಬಂದದ್ದು ಕಟ್ಟಕಡೆಗೆ.

ಮುದ್ರೆ ಯಾರ ಕೈಯಲ್ಲಿದೆ

ಭಾರತದಲ್ಲಿ ರಾಷ್ಟ್ರೀಯ ರಜೆಗಳು ಮೂರೇ: ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದದ್ದೆಲ್ಲ ಪಟ್ಟಿಗಳ ವ್ಯವಹಾರ. ಕೇಂದ್ರ ಸರ್ಕಾರದ ಕಚೇರಿಗಳಿಗೆ ಸಿಬ್ಬಂದಿ ಇಲಾಖೆ ಪ್ರತಿವರ್ಷ ಸುತ್ತೋಲೆ ಹೊರಡಿಸುತ್ತದೆ. ದೆಹಲಿಯ ಹೊರಗಿನ ಕಚೇರಿಗಳಿಗೆ ಅದರಲ್ಲಿ 14 ಕಡ್ಡಾಯ ರಜೆಗಳಿರುತ್ತವೆ. ಇನ್ನು 12 ದಿನಗಳ ಪಟ್ಟಿಯಿಂದ ಆಯಾ ರಾಜ್ಯದ ಕೇಂದ್ರ ನೌಕರರ ಸಮನ್ವಯ ಸಮಿತಿ 3 ದಿನ ಆರಿಸಿಕೊಳ್ಳುತ್ತದೆ. ಇದಲ್ಲದೆ ಪ್ರತಿ ನೌಕರನಿಗೆ ತನ್ನಿಷ್ಟದ 2 ನಿರ್ಬಂಧಿತ ರಜೆಗಳುಂಟು.

ಬ್ಯಾಂಕು ಮುಚ್ಚಬೇಕಾದರೆ ಬೇರೆಯೇ ಕಾನೂನು. 1881ರ ನೆಗೋಶಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ ಗೆಜೆಟ್‌ನಲ್ಲಿ ಅಧಿಸೂಚನೆಯಾದ ದಿನ ಸಾರ್ವಜನಿಕ ರಜೆ. ಹುಂಡಿಯ (ಇಂಥ ದಿನ ಹಣ ಕೊಡುವುದೆಂದು ಬರೆದ ಪತ್ರದ) ವಾಯಿದೆ ಆ ದಿನಕ್ಕೆ ಬಿದ್ದರೆ ಅದರ ಹಿಂದಿನ ಕೆಲಸದ ದಿನಕ್ಕೇ ಸಂದಾಯವಾಗಬೇಕು. ಹೀಗೆ ಘೋಷಿಸುವ ಅಧಿಕಾರ ಮೂಲತಃ ಕೇಂದ್ರದ್ದು, ಆದರೆ ಅದನ್ನು ರಾಜ್ಯಗಳಿಗೂ ವಹಿಸಿಕೊಟ್ಟಿದೆ.

ಕೇರಳದಲ್ಲಿ ಸಾಮಾನ್ಯ ಆಡಳಿತ ಇಲಾಖೆ ಮುಂದಿನ ವರ್ಷದ ಪಟ್ಟಿಯನ್ನು ಸಿದ್ಧಮಾಡಿ ಸಂಪುಟದ ಒಪ್ಪಿಗೆಗೆ ಇಡುತ್ತದೆ. ಆದೇಶ ಹೊರಬೀಳುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್–ನವೆಂಬರ್ ಹೊತ್ತಿಗೆ. ಅದರಲ್ಲಿ ಮೂರು ಭಾಗ: ಸರ್ಕಾರಿ ಕಚೇರಿ ಮತ್ತು ಶಾಲೆಗಳ ಸಾಮಾನ್ಯ ರಜೆ, ಬ್ಯಾಂಕುಗಳಿಗೆ ಅನ್ವಯಿಸುವ ರಜೆ, ನಿರ್ಬಂಧಿತ ರಜೆ. ಮೂರನೆಯ ಭಾಗವನ್ನು ನಮ್ಮವರು ಗಮನಿಸುವುದು ಕಡಿಮೆ. ಅಯ್ಯಾ ವೈಕುಂಠ ಸ್ವಾಮಿ ಜಯಂತಿ, ಆವಣಿ ಅವಿಟ್ಟಂ, ವಿಶ್ವಕರ್ಮ ದಿನ ಇವೆಲ್ಲ ಅಲ್ಲಿವೆ. ಆಯಾ ಸಮುದಾಯದ ನೌಕರರು ಮತ್ತು ಶಿಕ್ಷಕರು ಆ ದಿನ ರಜೆ ಪಡೆಯಬಹುದು. ಇಡೀ ರಾಜ್ಯದ ಕೆಲಸ ನಿಲ್ಲದೆ ಒಂದು ಜನವಿಭಾಗದ ಹಬ್ಬಕ್ಕೆ ಮಾನ್ಯತೆ ಸಿಗುವ ಜಾಗ ಇದು.

ನಾಲ್ಕನೆಯದು ಜಿಲ್ಲಾಧಿಕಾರಿ ಘೋಷಿಸುವ ಸ್ಥಳೀಯ ರಜೆ. ಆಟ್ಟುಕಾಲ್ ಪೊಂಗಾಲೆಗೆ ತಿರುವನಂತಪುರದಲ್ಲಿ, ಪೂರಂಗೆ ತೃಶ್ಶೂರಿನಲ್ಲಿ ಸಿಗುವುದು ಇದೇ. ಗಣೇಶ ಚತುರ್ಥಿಗೆ ನಮ್ಮ ಕಾಸರಗೋಡು ಜಿಲ್ಲೆಯಲ್ಲೂ ಹೀಗೆ ರಜೆ ಕೊಟ್ಟದ್ದಿದೆ. ಒಂದು ತಾಲೂಕಿಗೆ ಮಾತ್ರ ಸೀಮಿತವಾಗಿಯೂ ಕೊಡಬಹುದು. ಸಾಮಾನ್ಯವಾಗಿ ಬ್ಯಾಂಕುಗಳಿಗೆ ಇದು ತಾಗುವುದಿಲ್ಲ, ಮೊದಲೇ ನಿಗದಿಯಾದ ಸಾರ್ವಜನಿಕ ಪರೀಕ್ಷೆಗಳು ಮುಂದಕ್ಕೆ ಹೋಗುವುದೂ ಇಲ್ಲ. ಪಾಡ್ಯದ ಮಟ್ಟಿಗೆ ಮೊದಲು ತಟ್ಟಬೇಕಾದ ಬಾಗಿಲು ಇದೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳಿಗೆ ಒಂದು ಸ್ಥಳೀಯ ರಜೆ ಕೇಳುವುದಕ್ಕೂ, ಪಾರಶ್ಶಾಲೆಯವರೆಗಿನ ಇಡೀ ಕೇರಳಕ್ಕೆ ಎರಡನೇ ದೀಪಾವಳಿ ರಜೆ ಕೇಳುವುದಕ್ಕೂ ಅಜಗಜಾಂತರ.

ಸುಲಭವಾಗಿ ಬಂದದ್ದು ಸುಲಭವಾಗಿ ಹೋಗುತ್ತದೆ

ಅಮೆರಿಕದಲ್ಲಿ ಹೊಸ ರಾಷ್ಟ್ರೀಯ ರಜೆಗೆ ಸಂಸತ್ತು ಕಾಯ್ದೆ ಮಾಡಬೇಕು. ಇಲ್ಲಿ ಕಾರ್ಯಾಂಗದ ಆದೇಶ ಸಾಕು. ಆದ್ದರಿಂದ ಖಾಸಗಿ ಸದಸ್ಯರ ಮಸೂದೆ ತನ್ನಿ ಎಂದು ಸಂಸದರ ಬೆನ್ನು ಹತ್ತುವುದು ದಂಡ. ಸ್ವಾತಂತ್ರ್ಯಾನಂತರ ಸಂಸತ್ತಿನಲ್ಲಿ ಅಂಥ ಮಸೂದೆಗಳು ಕಾಯ್ದೆಯಾದದ್ದು ಒಟ್ಟು 14, ಕೊನೆಯದು 1970ರಲ್ಲಿ.

ಆದರೆ ಆದೇಶದಿಂದ ಬಂದದ್ದನ್ನು ಆದೇಶವೇ ಕಿತ್ತುಕೊಳ್ಳಬಲ್ಲದು. ಉತ್ತರ ಪ್ರದೇಶ ಸರ್ಕಾರ 2017ರಲ್ಲಿ ಮಹನೀಯರ ಜನ್ಮದಿನ–ಪುಣ್ಯತಿಥಿಗಳ 15 ರಜೆಗಳನ್ನು ಒಂದೇ ಏಟಿಗೆ ತೆಗೆದುಹಾಕಿತು. ಶಾಲೆಗಳಲ್ಲಿ ಪಾಠದ ದಿನ ಕಡಿಮೆಯಾಗುತ್ತಿದೆ ಎಂಬುದು ಕೊಟ್ಟ ಕಾರಣ. ದಾದ್ರಾ ಮತ್ತು ನಗರ ಹವೇಲಿಯಲ್ಲಿ ಪೋರ್ಚುಗೀಸರಿಂದ ಬಿಡುಗಡೆಯಾದ ಆಗಸ್ಟ್ 2 ದಶಕಗಳ ಕಾಲ ರಜೆಯಾಗಿತ್ತು. 2021ರಲ್ಲಿ ಅದು ಪಟ್ಟಿಯಿಂದ ಬಿತ್ತು. ಅಲ್ಲಿನವರು ಬಾಂಬೆ ಹೈಕೋರ್ಟಿಗೆ ಹೋದರು. ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ, ರಜೆಗಳನ್ನು ಹೆಚ್ಚಿಸುವ ಬದಲು ಇಳಿಸುವ ಕಾಲ ಬಂದಿರಬಹುದು ಎಂದು 2022ರ ಜನವರಿಯಲ್ಲಿ ನ್ಯಾಯಾಲಯ ಅರ್ಜಿ ವಜಾ ಮಾಡಿತು. ಅದೇ ವರ್ಷ ನವೆಂಬರ್‌ನಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರ ಜನ್ಮದಿನವನ್ನು ರಾಷ್ಟ್ರೀಯ ರಜೆ ಮಾಡಬೇಕೆಂಬ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಜನವರಿ 23 ಈಗ ಪರಾಕ್ರಮ ದಿವಸ. ದಿನಾಚರಣೆ ಇದೆ, ರಾಷ್ಟ್ರೀಯ ರಜೆ ಇಲ್ಲ. ನವೆಂಬರ್ 26ರ ಸಂವಿಧಾನ ದಿನದ್ದೂ ಇದೇ ಸ್ಥಿತಿ. ಕೋರ್ಟಿಗೆ ಹೋಗಿ ರಜೆ ತರುತ್ತೇವೆ ಎನ್ನುವವರು ವಕೀಲರ ಫೀಸು ಕಟ್ಟುವ ಮೊದಲು ಈ ಎರಡು ಪ್ರಕರಣಗಳನ್ನು ಓದಿಕೊಳ್ಳುವುದು ಒಳ್ಳೆಯದು.

ಜನರು ನಿಲ್ಲಿಸಿದ ದಿನಗಳು

ಜನವರಿ 26 ಯಾವ ಸರ್ಕಾರವೂ ಕೊಟ್ಟ ದಿನವಲ್ಲ. 1929ರ ಡಿಸೆಂಬರ್‌ನಲ್ಲಿ ಲಾಹೋರ್ ಕಾಂಗ್ರೆಸ್ ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿತು. 1930ರ ಜನವರಿ 26ರಿಂದ ಊರೂರಲ್ಲಿ ಜನ ಧ್ವಜ ಏರಿಸಿ ಪ್ರತಿಜ್ಞೆ ಓದಿದರು, ಪೊಲೀಸರ ಲಾಠಿಗೂ ಬಂಧನಕ್ಕೂ ಎದೆಯೊಡ್ಡಿದರು. ವರ್ಷ ವರ್ಷವೂ ಇದು ನಡೆಯಿತು. ಸಂವಿಧಾನ 1949ರ ನವೆಂಬರ್ 26ರಂದೇ ಅಂಗೀಕಾರವಾದರೂ ಪೂರ್ತಿ ಜಾರಿಗೆ 1950ರ ಜನವರಿ 26ರವರೆಗೆ ಕಾದದ್ದು ಈ ದಿನದ ಗೌರವಕ್ಕೆ. ಜನರ ಬಳಕೆಯಲ್ಲಿ ಇಪ್ಪತ್ತು ವರ್ಷ ಬಾಳಿದ ದಿನಕ್ಕೆ ಗಣರಾಜ್ಯ ತನ್ನ ಹೆಸರು ಕೊಟ್ಟಿತು.

ಮೇ ದಿನದ ಕಥೆ ಇನ್ನೂ ನಿಧಾನದ್ದು. 1923ರ ಮೇ 1ರಂದು ಮದ್ರಾಸಿನ ಕಡಲತೀರದಲ್ಲಿ ಕಾರ್ಮಿಕ ನಾಯಕ ಸಿಂಗಾರವೇಲು ಚೆಟ್ಟಿಯಾರ್ ಭಾರತದ ಮೊದಲ ಮೇ ದಿನ ಆಚರಿಸಿದರು; ಆ ದಿನ ರಜೆ ಬೇಕೆಂಬ ಬೇಡಿಕೆಯೂ ಅಲ್ಲೇ ಹುಟ್ಟಿತು. ಆಗ ಕಾಸರಗೋಡು ಅದೇ ಮದ್ರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯೊಳಗಿತ್ತು. ಇಂದು ಕೇರಳ, ಕರ್ನಾಟಕ, ತಮಿಳುನಾಡು ಮೂರರಲ್ಲೂ ಮೇ 1 ರಜೆ. ಕೇಂದ್ರ ಕಚೇರಿಗಳ ಕಡ್ಡಾಯ ಪಟ್ಟಿಯಲ್ಲಿ ಮಾತ್ರ ನೂರು ವರ್ಷ ಕಳೆದರೂ ಅದಿಲ್ಲ. ರಾಜ್ಯದಲ್ಲಿ ಗೆದ್ದದ್ದು ದೆಹಲಿಯಲ್ಲೂ ತಾನಾಗಿ ಗೆಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಅಂಬೇಡ್ಕರ್ ಜಯಂತಿಗೂ ಕೇಂದ್ರ ಸರ್ಕಾರ ಇತ್ತೀಚಿನವರೆಗೆ ವರ್ಷ ವರ್ಷ ಪ್ರತ್ಯೇಕ ಆದೇಶದ ಮೂಲಕವೇ ರಜೆ ಕೊಡುತ್ತ ಬಂದದ್ದು.

ಹೊರದೇಶದ ಉದಾಹರಣೆಗಳಲ್ಲಿ ಹೆಚ್ಚು ಕಲಿಸುವುದು ಅಮೆರಿಕದ ಜೂನ್‌ಟೀಂತ್. ಗುಲಾಮಗಿರಿಯ ವಿಮೋಚನೆ ಘೋಷಣೆ 1863ರ ಜನವರಿ 1ರಿಂದ ಜಾರಿಯಾಗಿದ್ದರೂ ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಗುಲಾಮರೆಲ್ಲ ಸ್ವತಂತ್ರರೆಂದು ಸೇನೆಯ ಆದೇಶ ಸಾರಿದ್ದು 1865ರ ಜೂನ್ 19ರಂದು, ಎರಡೂವರೆ ವರ್ಷ ತಡವಾಗಿ. ಮರುವರ್ಷದಿಂದಲೇ ಜನ ಆ ದಿನ ಸೇರತೊಡಗಿದರು. ಸೇರಲು ಜಾಗದ್ದೇ ತೊಂದರೆ. 1872ರಲ್ಲಿ ಹ್ಯೂಸ್ಟನ್‌ನ ಬಿಡುಗಡೆಯಾದ ಜನ ಹಣ ಒಟ್ಟುಮಾಡಿ 10 ಎಕರೆ ನೆಲವನ್ನೇ ಕೊಂಡರು. ಅದು ಇಂದಿಗೂ ವಿಮೋಚನಾ ಉದ್ಯಾನ. ಟೆಕ್ಸಸ್‌ನಲ್ಲಿ ಶಾಸಕ ಅಲ್ ಎಡ್ವರ್ಡ್ಸ್ ತಂದ ಮಸೂದೆಯಿಂದ ಅದು ರಾಜ್ಯ ರಜೆಯಾದದ್ದು 1980ರಲ್ಲಿ, ಅಂದರೆ ಶತಮಾನ ಕಳೆದ ಮೇಲೆ. ಆಮೇಲೆ ಒಂದೊಂದೇ ರಾಜ್ಯ ಸೇರಿಕೊಂಡಿತು.

ನಿವೃತ್ತ ಶಿಕ್ಷಕಿ ಓಪಲ್ ಲೀ ಹೊರಟದ್ದು ಆಮೇಲೆ, 2016ರಲ್ಲಿ, 89ರ ವಯಸ್ಸಿನಲ್ಲಿ. ಟೆಕ್ಸಸ್‌ನ ಫೋರ್ಟ್ ವರ್ತ್‌ನಿಂದ ವಾಷಿಂಗ್ಟನ್‌ನತ್ತ ಒಂದೊಂದು ಊರಲ್ಲಿ ಎರಡೂವರೆ ಮೈಲಿ, ಅಂದರೆ 4 ಕಿಲೋಮೀಟರ್ ನಡೆದರು. ತಡವಾದ ಎರಡೂವರೆ ವರ್ಷಕ್ಕೆ ಎರಡೂವರೆ ಮೈಲಿ. ಇದೇ ಜೂನ್ 19ರಂದು, 1939ರಲ್ಲಿ, ಆಕೆಗೆ 12 ವರ್ಷವಾಗಿದ್ದಾಗ ಬಿಳಿಯರ ಗುಂಪು ಅವರ ಮನೆಯನ್ನು ಸುಟ್ಟಿತ್ತು. ಆಕೆಯ ಮನವಿಗೆ ಸುಮಾರು 15 ಲಕ್ಷ ಸಹಿ ಬಿತ್ತು. 2020ರಲ್ಲಿ ಒಬ್ಬ ಸೆನೆಟರ್ ಖರ್ಚಿನ ಮಾತೆತ್ತಿ ತಡೆದರು: ಕೇಂದ್ರ ನೌಕರರಿಗೆ ಒಂದು ದಿನದ ಸಂಬಳ ಸಹಿತ ರಜೆಗೆ ವರ್ಷಕ್ಕೆ 60 ಕೋಟಿ ಡಾಲರ್. ಮರುವರ್ಷ ಅವರು ಆಕ್ಷೇಪ ಹಿಂತೆಗೆದುಕೊಂಡರು. ಸೆನೆಟ್ ಅವಿರೋಧವಾಗಿ, ಕೆಳಮನೆ 415–14ರಲ್ಲಿ ಒಪ್ಪಿತು. 2021ರ ಜೂನ್ 17ರಂದು ಅಧ್ಯಕ್ಷರ ಸಹಿಯಾಯಿತು. ಕೊನೆಯ ಹಂತ ಮೂರೇ ದಿನದಲ್ಲಿ ಮುಗಿದಂತೆ ಕಾಣುವುದು ಅದರ ಹಿಂದೆ 150 ವರ್ಷದ ಆಚರಣೆ ಮತ್ತು 40 ವರ್ಷದ ರಾಜ್ಯಮಟ್ಟದ ಕೆಲಸ ಇದ್ದುದರಿಂದ.

ಮಾರ್ಟಿನ್ ಲೂಥರ್ ಕಿಂಗ್ ದಿನಕ್ಕೂ ಖರ್ಚೇ ಅಡ್ಡ ಬಂದಿತ್ತು. ಅವರ ಹತ್ಯೆಯಾಗಿ ನಾಲ್ಕೇ ದಿನಕ್ಕೆ, 1968ರ ಏಪ್ರಿಲ್‌ನಲ್ಲಿ, ಮಸೂದೆ ಮಂಡನೆಯಾಯಿತು; 1979ರಲ್ಲಿ ಬೇಕಾದ ಮೂರನೇ ಎರಡು ಬಹುಮತಕ್ಕೆ ಐದು ಮತ ಕಡಿಮೆ ಬಿದ್ದು ಸೋತಿತು. ಜನ್ಮದಿನ ಜನವರಿ 15ಕ್ಕೇ ಹಟ ಹಿಡಿಯದೆ ಜನವರಿಯ ಮೂರನೇ ಸೋಮವಾರಕ್ಕೆ ಒಪ್ಪಿದ ಮೇಲೆ, 60 ಲಕ್ಷ ಸಹಿಗಳ ಬಲದಿಂದ, 1983ರಲ್ಲಿ ಕಾಯ್ದೆಯಾಯಿತು. ಈ ರಾಜಿ ಗಮನಿಸಬೇಕಾದ್ದು. ಎಷ್ಟೋ ಬೇಡಿಕೆಗಳು ಸಾಯುವುದು ವಿರೋಧದಿಂದಲ್ಲ, ಬದಲಿ ದಾರಿ ತೋರಿಸದ ಕಾರಣಕ್ಕೆ.

ಅರ್ಜಿಯಲ್ಲಿ ಏನಿರಬೇಕು

ಪಾಡ್ಯದ ಉದಾಹರಣೆಯನ್ನೇ ಇಟ್ಟುಕೊಂಡು ನೋಡೋಣ. ಅರ್ಜಿ ಜಿಲ್ಲಾಧಿಕಾರಿಗೆ, ಒಂದೇ ಹಾಳೆಯಲ್ಲಿ. ಕನ್ನಡದಲ್ಲಿ ಬರೆಯುವ ಹಕ್ಕು ಕಾಸರಗೋಡಿನ ಕನ್ನಡಿಗರಿಗೆ ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ; ಸಂವಿಧಾನದ 350ನೇ ವಿಧಿಯೂ ಬೆಂಬಲಕ್ಕಿದೆ. ಆ ಹಕ್ಕನ್ನು ಬಿಡಬಾರದು. ಆದರೆ ಕೆಳಗೆ ಮಲಯಾಳಂ ಅನುವಾದದ ಹಾಳೆಯೊಂದನ್ನು ಜೋಡಿಸಿ. ಫೈಲಿನಲ್ಲಿ ಟಿಪ್ಪಣಿ ಬರೆಯುವ ಕ್ಲರ್ಕಿಗೆ ಕನ್ನಡ ಬಾರದಿದ್ದರೆ ಅರ್ಜಿ ಅನುವಾದಕ್ಕೆಂದು ಪಕ್ಕಕ್ಕೆ ಸರಿಯುತ್ತದೆ, ಅಷ್ಟರಲ್ಲಿ ಹಬ್ಬ ಮುಗಿದಿರುತ್ತದೆ.

ಮೊದಲ ವಾಕ್ಯದಲ್ಲೇ ಬೇಡಿಕೆ ಬರಬೇಕು: ಯಾವ ದಿನ, ಯಾವ ತಾಲೂಕು, ಯಾವ ಬಗೆಯ ರಜೆ. ಕಾಸರಗೋಡಿನ ಇತಿಹಾಸ, 1956ರ ರಾಜ್ಯ ಪುನರ್ವಿಂಗಡಣೆ, ಗಡಿ ವಿವಾದದ ಮಹಾಜನ ವರದಿ ಇವೆಲ್ಲ ನಮಗೆ ನೋವಿನ, ನ್ಯಾಯದ ವಿಷಯಗಳೇ ಹೌದು. ಆದರೆ ಈ ಹಾಳೆಯಲ್ಲಿ ಅವನ್ನು ತಂದರೆ ಒಂದು ದಿನದ ರಜೆಯ ಪ್ರಶ್ನೆ ಗಡಿಯ ಪ್ರಶ್ನೆಯಾಗುತ್ತದೆ, ಜಿಲ್ಲಾಧಿಕಾರಿ ತೀರ್ಮಾನಿಸಬಹುದಾದ್ದು ಅವರ ಕೈಮೀರುತ್ತದೆ.

ಎರಡನೆಯದು ದಿನಾಂಕದ ನಿಯಮ. ಇದರಲ್ಲಿ ಎಡವುವವರೇ ಹೆಚ್ಚು. 2023ರಲ್ಲಿ ಗಣೇಶ ಚತುರ್ಥಿ ಕರ್ನಾಟಕದ ಪಟ್ಟಿಯಲ್ಲಿ ಸೆಪ್ಟೆಂಬರ್ 18, ಕೇಂದ್ರದ ಪಟ್ಟಿಯಲ್ಲಿ 19. ಕೃಷ್ಣಾಷ್ಟಮಿಯೂ ಹಾಗೆಯೇ: ಚಾಂದ್ರಮಾನದವರಿಗೆ ಒಂದು ದಿನ, ಸೌರಮಾನದ ಸಿಂಹಮಾಸದ ಲೆಕ್ಕದವರಿಗೆ ಇನ್ನೊಂದು, 2025ರಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಒಂದು ತಿಂಗಳ ಅಂತರ. ಎರಡು ಸಂಘಗಳು ಎರಡು ಪಂಚಾಂಗ ಹಿಡಿದು ಎರಡು ದಿನ ಕೇಳಿದರೆ ಅಧಿಕಾರಿ ಎರಡನ್ನೂ ಬದಿಗಿಡುತ್ತಾರೆ. ‘ಕಾರ್ತಿಕ ಶುದ್ಧ ಪಾಡ್ಯ, ಸೂರ್ಯೋದಯಕ್ಕೆ ತಿಥಿ ಇರುವ ದಿನ’ ಎಂದು ನಿಯಮವನ್ನೂ, ಮುಂದಿನ ಐದು ವರ್ಷಗಳ ದಿನಾಂಕಗಳನ್ನೂ ಬರೆದು, ಊರಿನ ಪ್ರಮುಖ ದೇವಸ್ಥಾನಗಳ ಆಡಳಿತ ಸಮಿತಿಗಳಿಂದ ಒಪ್ಪಿಗೆ ಸಹಿ ಹಾಕಿಸಬೇಕು. ತಿಥಿ ಎರಡು ದಿನಕ್ಕೆ ಹರಡಿದರೆ ಯಾವುದು ಎಂಬುದೂ ಮೊದಲೇ ತೀರ್ಮಾನವಾಗಿರಬೇಕು.

ಮೂರನೆಯದು ಪುರಾವೆ. ಸಹಿಗಳ ಕಟ್ಟಿಗಿಂತ ಶಾಲೆಯ ಹಾಜರಿ ಪುಸ್ತಕಕ್ಕೆ ಬೆಲೆ ಹೆಚ್ಚು. ಪಾಡ್ಯದ ದಿನ ಎಷ್ಟು ಮಕ್ಕಳು ಬಂದಿದ್ದರು, ಹಿಂದಿನ ವಾರ ಅದೇ ವಾರದಂದು ಎಷ್ಟು ಬಂದಿದ್ದರು? ಮೂರು ವರ್ಷದ ಈ ಎರಡು ಅಂಕಿಗಳನ್ನು ಹತ್ತು ಶಾಲೆಗಳಿಂದ ಪಡೆದರೆ ಸಾಕು. ಮುಖ್ಯೋಪಾಧ್ಯಾಯರು ಬಾಯಿಮಾತಿಗೆ ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದ ಅರ್ಜಿ. 30 ದಿನದೊಳಗೆ ಉತ್ತರ ಬರಬೇಕು. ಮಕ್ಕಳ ಹೆಸರು ಕೇಳಬಾರದು, ಒಟ್ಟು ಸಂಖ್ಯೆ ಮಾತ್ರ. ಅಂಕಿ ನಮ್ಮ ಪರ ಇಲ್ಲದಿದ್ದರೆ, ಅಂದರೆ ಹಾಜರಿ ಎಂದಿನಷ್ಟೇ ಇದ್ದರೆ, ಅರ್ಜಿ ಹಾಕುವ ಹೊತ್ತು ಇನ್ನೂ ಬಂದಿಲ್ಲ ಎಂದು ತಿಳಿದು ಮನೆಮನೆಯ ಆಚರಣೆಯ ಕಡೆಗೇ ತಿರುಗಬೇಕು.

ಇದರ ಜೊತೆಗೆ ಪಂಚಾಯತ್ ನಿರ್ಣಯ. ಕೇರಳದಲ್ಲಿ ಗ್ರಾಮಸಭೆ ವಾರ್ಡಿನ ಮಟ್ಟದ್ದು, ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ, ಮತದಾರರ ಶೇ 10. ಅಲ್ಲಿ ವಿಷಯ ಎತ್ತಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಆಮೇಲೆ ಪಂಚಾಯತ್ ಸಮಿತಿಯಲ್ಲಿ ನಿರ್ಣಯ ಮಾಡಿಸಬೇಕು. ನಾಲ್ಕೈದು ಪಂಚಾಯತುಗಳ ನಿರ್ಣಯದ ದೃಢೀಕೃತ ಪ್ರತಿ ಬಂದರೆ ಅದು ಯಾವುದೋ ಒಂದು ಸಂಘದ ಕೂಗಾಗಿ ಉಳಿಯುವುದಿಲ್ಲ. ಮುಸ್ಲಿಂ, ಕ್ರೈಸ್ತ ಸದಸ್ಯರ ಸಹಿಯೂ ಅದರಲ್ಲಿರುವುದು ಬಹಳ ಮುಖ್ಯ. ನೆರೆಕರೆಯವರು ಒಪ್ಪಿದ ರಜೆ ಎಂದರೆ ಮುಂದಿನ ಅಧಿಕಾರಿಯೂ ಹಿಂಜರಿಯುವುದಿಲ್ಲ.

ನಾಲ್ಕನೆಯದು ಪಾಠದ ದಿನದ ಲೆಕ್ಕ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಪಾಠ ಆಗಬೇಕು. ಮಳೆಗಾಲದಲ್ಲಿ ರೆಡ್ ಅಲರ್ಟ್ ಬಂದಾಗಲೆಲ್ಲ ಶಾಲೆ ಮುಚ್ಚುವ ಈ ಜಿಲ್ಲೆಯಲ್ಲಿ ಆ ಸಂಖ್ಯೆ ಮುಟ್ಟುವುದೇ ಕಷ್ಟ. ಬದಲಿಗೆ ಒಂದು ಶನಿವಾರ ತರಗತಿ ನಡೆಸೋಣ ಎಂದು ಅರ್ಜಿಯಲ್ಲೇ ಬರೆದರೆ ಅರ್ಧ ಆಕ್ಷೇಪ ಅಲ್ಲಿಗೇ ನಿಲ್ಲುತ್ತದೆ. ಆದರೆ ಶಿಕ್ಷಕರ ಸಂಘಟನೆಗಳನ್ನು ಕೇಳದೆ ಹಾಗೆ ಬರೆಯಬಾರದು. ಶನಿವಾರಗಳನ್ನು ಸಾಲಾಗಿ ಶಾಲಾ ದಿನವನ್ನಾಗಿಸಿದ ಆದೇಶವನ್ನು ಕೇರಳ ಹೈಕೋರ್ಟ್ 2024ರಲ್ಲಿ ರದ್ದುಪಡಿಸಿದ್ದು ಅವರಿಗೆ ನೆನಪಿದೆ.

ಅರ್ಜಿ ಜೂನ್–ಜುಲೈಯೊಳಗೆ ತಲುಪಬೇಕು. ಹಬ್ಬಕ್ಕೆ ವಾರವಿರುವಾಗ ನಿಯೋಗ ಹೋದರೆ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಆದೇಶ ಬರುವುದಿಲ್ಲ. ತಪಾಲು ವಿಭಾಗದಲ್ಲಿ ಕೊಟ್ಟು ರಶೀದಿ ಪಡೆದು, ಎರಡು ವಾರದಲ್ಲಿ ಫೈಲ್ ನಂಬರ್ ಬರೆದಿಟ್ಟುಕೊಳ್ಳಬೇಕು. ಜಿಲ್ಲಾಧಿಕಾರಿಗಳು ವರ್ಗವಾಗುತ್ತಾರೆ, ಸಂಘದ ಪದಾಧಿಕಾರಿಗಳೂ ಬದಲಾಗುತ್ತಾರೆ. ಫೈಲ್ ನಂಬರ್, ಹಳೆಯ ಆದೇಶದ ಪ್ರತಿ, ನಿರ್ಣಯಗಳು ಯಾರದೋ ಒಬ್ಬರ ಮನೆಯ ಕಪಾಟಿನಲ್ಲಿದ್ದರೆ ಅವರ ಜೊತೆಗೇ ಹೋಗುತ್ತವೆ. ಗ್ರಂಥಾಲಯ ಅಥವಾ ಶಾಲೆಯ ಕಚೇರಿಯಲ್ಲಿ ಒಂದು ಪ್ರತಿ ಇರಲಿ. ಸ್ಥಳೀಯ ರಜೆ ಒಂದು ವರ್ಷ ಸಿಕ್ಕಿತೆಂದರೆ ಮರುವರ್ಷವೂ ಕೇಳಬೇಕು. ಆಗ ಹೊಸದಾಗಿ ವಾದಿಸಬೇಕಾಗಿಲ್ಲ, ಹಿಂದಿನ ಆದೇಶದ ಸಂಖ್ಯೆ ಬರೆದರಾಯಿತು. ಹೀಗೆ ನಾಲ್ಕೈದು ವರ್ಷ ಸತತವಾಗಿ ಸಿಕ್ಕ ಮೇಲೆ ಆ ಆದೇಶಗಳ ಕಟ್ಟನ್ನು ಹಿಡಿದು ಸಾಮಾನ್ಯ ಆಡಳಿತ ಇಲಾಖೆಗೆ ಹೋಗಿ, ಕನ್ನಡ ಭಾಷಾ ಅಲ್ಪಸಂಖ್ಯಾತ ನೌಕರರಿಗಾಗಿ ನಿರ್ಬಂಧಿತ ರಜೆಯ ಪಟ್ಟಿಗೆ ಸೇರಿಸಿ ಎಂದು ಕೇಳಬಹುದು. ಶಾಸಕರು ವಿಧಾನಸಭೆಯಲ್ಲಿ ವಿಷಯ ಎತ್ತಲು ಹದವಾದ ಹೊತ್ತೂ ಅದೇ.

ಇನ್ನು ಸಂಬಳದ ಪ್ರಶ್ನೆ. ರಜೆಯ ಬೇಡಿಕೆಗಳು ಹೆಚ್ಚಾಗಿ ನೌಕರರು ಮತ್ತು ಶಿಕ್ಷಕರಿಂದ ಬರುತ್ತವೆ, ಅವರಿಗೆ ಆ ದಿನದ ಸಂಬಳ ಬಂದೇ ಬರುತ್ತದೆ. ಮನೆಯಲ್ಲಿ ಕೂತು ಬೀಡಿ ಕಟ್ಟುವ ಹೆಂಗಸರಿಗೆ, ಅಡಿಕೆ ತೋಟದ ದಿನಗೂಲಿಯವರಿಗೆ ಕೆಲಸವಿಲ್ಲದ ದಿನ ಸಂಪಾದನೆಯೂ ಇಲ್ಲ. ಕಾರ್ಖಾನೆಗಳಲ್ಲಿ ದುಡಿಯುವವರ ರಕ್ಷಣೆಗೆ ಕೇರಳದಲ್ಲಿ 1958ರಿಂದ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಇದೆ. ರಾಷ್ಟ್ರೀಯ ದಿನಗಳ ಮೇಲೆ ಹಬ್ಬಗಳಿಗೂ ಸಂಬಳ ಸಹಿತ ರಜೆ ಕೊಡಬೇಕು. ಆ ದಿನ ದುಡಿಸಿದರೆ ಇಮ್ಮಡಿ ಕೂಲಿ, ಇಲ್ಲವೇ ಕೂಲಿಯ ಜೊತೆಗೆ ಬದಲಿ ರಜೆ. ಕರ್ನಾಟಕದ 1963ರ ಅದೇ ಬಗೆಯ ಕಾಯ್ದೆಯಲ್ಲಿ ನವೆಂಬರ್ 1 ಹೆಸರು ಹಿಡಿದೇ ಇದೆ. ಕೇರಳದಲ್ಲಿ ಅದೇ ದಿನ ರಾಜ್ಯದ ಹುಟ್ಟುಹಬ್ಬವಾದರೂ ಸಾರ್ವಜನಿಕ ರಜೆಯಲ್ಲ.

ಈ ಕಾಯ್ದೆಯಲ್ಲಿ ಹಬ್ಬಗಳು ಯಾವುವು ಎಂಬುದನ್ನು ಮಾಲೀಕರು ಮತ್ತು ಕೆಲಸಗಾರರ ಅಭಿಪ್ರಾಯ ಪಡೆದು ನಿಗದಿಮಾಡಲು ಅವಕಾಶವಿದೆ. ಕುಂಬಳೆಯ ಮಿಲ್ಲಿನವರೋ ಸೀತಾಂಗೋಳಿಯ ಘಟಕದವರೋ ತಿರುವನಂತಪುರದ ಆದೇಶಕ್ಕೆ ಕಾಯದೆ, ವರ್ಷ ಹುಟ್ಟುವ ಮೊದಲೇ ಪಾಡ್ಯವನ್ನು ತಮ್ಮ ಪಟ್ಟಿಗೆ ಸೇರಿಸಿ ಎಂದು ಮಾಲೀಕರಿಗೂ ಲೇಬರ್ ಆಫೀಸಿಗೂ ಬರೆದು ಕೊಡಬಹುದು. ಇದಕ್ಕೆ ಲಕ್ಷ ಸಹಿ ಬೇಡ. ಆ ಘಟಕದ ಕೆಲಸಗಾರರ ಸಹಿ ಸಾಕು.